ಓಟದ ಗೆರೆಯಿಂದ ಕಾರ್ಯಾಲಯದ ಕುರ್ಚಿಗೆ

ಆಟದಲ್ಲಿ ಹೆಸರು ಗಳಿಸಿದವರು ನಿವೃತ್ತರಾದ ದಿನ ಅವರಿಗೊಂದು ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲವಿತ್ತು ಕಳುಹಿಸಿಬಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಂದಿನಿಂದ ಅವರು ಸಭೆ ಸಮಾರಂಭಗಳಿಗೆ ಬಂದು ಬಹುಮಾನ ಹಂಚುವುದಕ್ಕೆ ಮಾತ್ರ ಯೋಗ್ಯರೆಂದು ನಾವು ಭಾವಿಸುತ್ತೇವೆ. ಕ್ರೀಡೆಯ ಆಡಳಿತವೆಂಬುದು ಹಣವುಳ್ಳವರ, ಅಧಿಕಾರವುಳ್ಳವರ, ಸಭೆಯಲ್ಲಿ ಎದ್ದು ಮಾತನಾಡಬಲ್ಲವರ ಕೆಲಸವೆಂದೇ ನಮ್ಮ ನಂಬಿಕೆ. ಈ ನಂಬಿಕೆ ತಪ್ಪೆಂದು ನನ್ನ ಅಭಿಪ್ರಾಯ. ಆದರೆ ಓಡಿ ಗೆದ್ದವರನ್ನು ಕುರ್ಚಿಯ ಮೇಲೆ ಕುಳ್ಳಿರಿಸಿದರೆ ಎಲ್ಲವೂ ತಾನಾಗಿ ಸರಿಹೋಗುವುದೆಂಬ ಇನ್ನೊಂದು ನಂಬಿಕೆಯೂ ಈಚೆಗೆ ಬೆಳೆದಿದೆ. ಅದೂ ಅಷ್ಟೇ ತಪ್ಪು. ಈ ಮಾತನ್ನು ಹೇಳುವುದಕ್ಕಾಗಿ ಒಂದು ಓಟದ ಸಂಗತಿಯನ್ನು ಎತ್ತಿಕೊಳ್ಳುತ್ತೇನೆ.

1984ರ ಆಗಸ್ಟ್ 8ರಂದು ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಓಟದ ಅಂತಿಮ ಸ್ಪರ್ಧೆ ನಡೆಯಿತು. ಒಲಿಂಪಿಕ್ ಕೂಟದಲ್ಲಿ ಮಹಿಳೆಯರಿಗೆ ಈ ಓಟವನ್ನು ಇಟ್ಟದ್ದು ಅದೇ ಮೊದಲು. ಹರ್ಡಲ್ಸ್ ಎಂದರೆ ಕೇವಲ ಜಿಗಿತವೆಂದು ತಿಳಿಯಬಾರದು. ಹೊರಟ ಗೆರೆಯಿಂದ 45 ಮೀಟರಿಗೆ ಮೊದಲನೆಯ ತಡೆ. ಅಲ್ಲಿಂದ ಮುಂದೆ 35 ಮೀಟರಿಗೊಂದರಂತೆ ಒಟ್ಟು ಹತ್ತು. ಕಡೆಯ ತಡೆಯನ್ನು ದಾಟಿದ ಮೇಲೆ ಇನ್ನೂ 40 ಮೀಟರ್ ಓಟ. ಮಹಿಳೆಯರಿಗೆ ತಡೆಯ ಎತ್ತರ ಎರಡೂವರೆ ಅಡಿ. ಒಂದು ತಡೆಗೂ ಇನ್ನೊಂದಕ್ಕೂ ನಡುವೆ ಇಷ್ಟೇ ಹೆಜ್ಜೆಗಳೆಂದು ಓಟಗಾರ್ತಿ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರಬೇಕು. ಒಂದು ಹೆಜ್ಜೆ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಉಸಿರು ಕಟ್ಟುತ್ತಿರುವಾಗಲೂ ಲೆಕ್ಕ ಬಿಡದಿರುವುದೇ ಈ ಓಟದ ಗುಟ್ಟು.

ಆ ದಿನ ಮೊರಾಕೊ ದೇಶದ ನವಾಲ್ ಎಲ್ ಮುತವಕಿಲ್ 54.61 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನದ ಪದಕ ಪಡೆದರು. ಅಮೆರಿಕದ ಜೂಡಿ ಬ್ರೌನ್ ಎರಡನೆಯವರು. ಮೂರನೆಯ ಸ್ಥಾನಕ್ಕೆ ಇಬ್ಬರು ಒಟ್ಟಿಗೇ ಬಂದಂತೆ ಕಂಡಿತು. ಛಾಯಾಚಿತ್ರ ನೋಡಿ ತೀರ್ಪು ಕೊಡಬೇಕಾಯಿತು. ರುಮೇನಿಯದ ಓಟಗಾರ್ತಿಗೆ 55.41, ನಮ್ಮ ಪಿ. ಟಿ. ಉಷಾ ಅವರಿಗೆ 55.42. ಒಂದು ಸೆಕೆಂಡಿನ ನೂರನೆಯ ಒಂದು ಭಾಗ! ನಾವು ಕಣ್ಣು ಮಿಟುಕಿಸುವುದಕ್ಕೆ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಕಾಲ ಬೇಕು. ಅಷ್ಟರಲ್ಲಿ ಕಂಚಿನ ಪದಕ ಕೈತಪ್ಪಿತು.

ಈ ಸೋಲಿನ ಕಥೆ ನಿಮಗೆಲ್ಲ ಗೊತ್ತಿರುವುದೇ. ಆದರೆ ಅಂದು ಗೆದ್ದ ನವಾಲರೂ ಸೋತ ಉಷಾ ಅವರೂ ಮುಂದೆ ಓಟದ ಬಟ್ಟೆಯನ್ನು ಕಳಚಿಟ್ಟು ಕ್ರೀಡಾಡಳಿತದ ಮೇಜಿನ ಮುಂದೆ ಬಂದು ಕುಳಿತರೆಂಬುದನ್ನು ಒಟ್ಟಿಗೆ ಇಟ್ಟು ಯೋಚಿಸಿದವರು ಕಡಿಮೆ.

ನವಾಲರದು ಅರಬ್ ಮಹಿಳೆಯೊಬ್ಬಳು ಗೆದ್ದ ಮೊತ್ತಮೊದಲ ಒಲಿಂಪಿಕ್ ಚಿನ್ನ. ಆ ದಿನ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ನವಾಲ್ ಎಂದೇ ಹೆಸರಿಡಬೇಕೆಂದು ಅಲ್ಲಿಯ ದೊರೆ ಅಪ್ಪಣೆ ಕೊಟ್ಟನೆಂದು ಹೇಳುತ್ತಾರೆ. ಬರಿಯ ಕೀರ್ತಿಯಲ್ಲಿಯೇ ಆಯುಷ್ಯ ಕಳೆಯಬಹುದಾಗಿತ್ತು. ಆಕೆ ಹಾಗೆ ಮಾಡಲಿಲ್ಲ. 1993ರಲ್ಲಿ ತಮ್ಮ ಊರಾದ ಕಾಸಾಬ್ಲಾಂಕಾದಲ್ಲಿ ಹೆಂಗಸರಿಗಾಗಿಯೇ ಒಂದು ರಸ್ತೆ ಓಟವನ್ನು ಆರಂಭಿಸಿದರು. ಪದಕಕ್ಕಾಗಿ ಓಡುವವರು ಮಾತ್ರವಲ್ಲ, ಮನೆವಾರ್ತೆಯ ಹೆಂಗಸರೂ ಬೀದಿಗಿಳಿದು ಸಂತೋಷಕ್ಕಾಗಿ ಓಡಲೆಂಬುದು ಅದರ ಉದ್ದೇಶ. 1998ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯೆಯಾದರು. 2012ರ ಕೂಟ ಯಾವ ನಗರದಲ್ಲಿ ನಡೆಯಬೇಕೆಂಬ ಪ್ರಶ್ನೆ ಬಂದಾಗ, ಲಂಡನ್, ಪ್ಯಾರಿಸ್, ಮ್ಯಾಡ್ರಿಡ್, ನ್ಯೂಯಾರ್ಕ್, ಮಾಸ್ಕೋ ನಗರಗಳನ್ನು ಪರೀಕ್ಷಿಸಿ ವರದಿ ಒಪ್ಪಿಸಿದ ಆಯೋಗಕ್ಕೆ ಅವರೇ ಅಧ್ಯಕ್ಷೆ. ಅಲ್ಲಿ ನೋಡಬೇಕಾದದ್ದು ಓಟವನ್ನಲ್ಲ. ಆಟಗಾರರು ಮಲಗುವುದೆಲ್ಲಿ, ಮಲಗುವ ಕಡೆಯಿಂದ ಮೈದಾನಕ್ಕೆ ಎಷ್ಟು ದೂರ, ವಾಹನವೆಷ್ಟು, ಖರ್ಚು ಹೊರುವವರು ಯಾರು, ಇವೆಲ್ಲ. ಹೆಜ್ಜೆ ಎಣಿಸಿ ಪಳಗಿದವರಿಗೆ ಈ ಎಣಿಕೆಯೂ ಒಗ್ಗಿತೆಂದು ತೋರುತ್ತದೆ. 2016ರ ಕೂಟದ ಪರೀಕ್ಷೆಗೂ ಅವರನ್ನೇ ನೇಮಿಸಿದರು. 2012ರಲ್ಲಿ ಆ ಸಮಿತಿಗೆ ಉಪಾಧ್ಯಕ್ಷೆಯೂ ಆದರು.

ಹರ್ಡಲ್ಸ್ ಓಟಗಾರರು ಆಡಳಿತಕ್ಕೆ ಬಂದದ್ದು ಇದೇ ಮೊದಲೇನಲ್ಲ. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಇದೇ 400 ಮೀಟರ್ ಹರ್ಡಲ್ಸಿನಲ್ಲಿ ಚಿನ್ನ ಗೆದ್ದ ಇಂಗ್ಲೆಂಡಿನ ಲಾರ್ಡ್ ಬರ್ಲಿ, 1946ರಿಂದ 1976ರ ತನಕ, ಮೂವತ್ತು ವರ್ಷ, ಜಾಗತಿಕ ಅಥ್ಲೆಟಿಕ್ಸ್ ಸಂಘದ ಅಧ್ಯಕ್ಷರಾಗಿದ್ದರು. 1948ರ ಲಂಡನ್ ಕೂಟದ ವ್ಯವಸ್ಥಾಪಕ ಸಮಿತಿಗೂ ಅವರೇ ಮುಖ್ಯಸ್ಥರು. ಯುದ್ಧ ಮುಗಿದು ಮೂರು ವರ್ಷ. ಇಂಗ್ಲೆಂಡಿನಲ್ಲಿ ಇನ್ನೂ ರೇಷನ್ ಚೀಟಿಯ ಕಾಲ. ಆಟಗಾರರಿಗೆಂದು ಹೊಸ ಕಟ್ಟಡ ಕಟ್ಟಿಸುವ ಶಕ್ತಿಯಿರಲಿಲ್ಲ. ಸೈನ್ಯದ ಶಿಬಿರಗಳಲ್ಲಿಯೂ ಕಾಲೇಜುಗಳಲ್ಲಿಯೂ ಇಳಿಸಿದರು. ಬಂದರಿನ ಕೂಲಿಗಳಿಗೆ ಕೊಡುತ್ತಿದ್ದಷ್ಟು ಹೆಚ್ಚಿನ ರೇಷನ್ನನ್ನು ಆಟಗಾರರಿಗೂ ಕೊಡಿಸಿದರು. ಸ್ವತಂತ್ರ ಭಾರತ ಹಾಕಿಯಲ್ಲಿ ಮೊದಲ ಚಿನ್ನ ಗೆದ್ದದ್ದು ಆ ಕೂಟದಲ್ಲಿಯೇ. ಆದರೆ ಒಂದು ಮಾತು. ಬರ್ಲಿ ಪ್ರಭುವಂಶದವರು, ಕುರ್ಚಿ ಅವರಿಗೆ ಹುಟ್ಟಿನಿಂದ ಹತ್ತಿರವಿತ್ತು. ಪಯ್ಯೋಳಿಯ ಹುಡುಗಿಗೆ ಅದು ಹತ್ತಿರವಿರಲಿಲ್ಲ.

ಉಷಾ ಅವರ ಬಳಿಕದ ಬಾಳನ್ನು ನೋಡಿ. 1986ರ ಸಿಯೋಲ್ ಏಷ್ಯನ್ ಕೂಟದಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ಓಟ ನಿಲ್ಲಿಸಿದ ಮೇಲೆ 2002ರಲ್ಲಿ ಕೋಳಿಕ್ಕೋಡ್ ಜಿಲ್ಲೆಯಲ್ಲಿ ಹೆಣ್ಣುಮಕ್ಕಳಿಗಾಗಿ ಓಟದ ಶಾಲೆಯೊಂದನ್ನು ತೆರೆದರು. ಅಲ್ಲಿ ಕಲಿತ ಟಿಂಟು ಲೂಕಾ 800 ಮೀಟರಿನಲ್ಲಿ ಏಷ್ಯಕ್ಕೇ ಮೊದಲಿಗರಾದರು. 2022ರ ಡಿಸೆಂಬರ್ 10ರಂದು ಉಷಾ ಅವರು ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷೆಯಾಗಿ ಅವಿರೋಧವಾಗಿ ಆಯ್ಕೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಪತ್ರಿಕೆಯಲ್ಲಿ ಆ ಸುದ್ದಿಯನ್ನು ಓದಿದ ದಿನ ನಾನು ತರಗತಿಯಲ್ಲಿ ಪಾಠ ನಿಲ್ಲಿಸಿ ಅದನ್ನೇ ಹೇಳಿದೆ. ನನ್ನ ಸಂತೋಷಕ್ಕೆ ಒಂದು ಕಾರಣವಿತ್ತು. ಲಾಸ್ ಏಂಜಲೀಸಿನಲ್ಲಿ ತಮಗೆ ಒಗ್ಗುವ ಊಟ ದೊರೆಯದೆ ಉಪ್ಪಿನಕಾಯಿಯೊಡನೆ ಗಂಜಿ ಕುಡಿದು ಓಡಿದೆನೆಂದು ಅವರು ಮುಂದೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದರು. ಆ ನೂರನೆಯ ಒಂದು ಭಾಗ ಗಂಜಿಯಲ್ಲಿಯೇ ಹೋಯಿತೋ ಏನೋ! ಗಂಜಿ ಕುಡಿದು ಓಡಿದವರು ಕುರ್ಚಿಯಲ್ಲಿ ಕುಳಿತರೆ ಇನ್ನಾರೂ ಗಂಜಿ ಕುಡಿದು ಓಡಬೇಕಾಗುವುದಿಲ್ಲವೆಂದು ನಾನು ಮಕ್ಕಳಿಗೆ ಹೇಳಿದ್ದೆ.

ಅಷ್ಟು ಸುಲಭವಲ್ಲವೆಂಬುದು ಬೇಗನೆ ತಿಳಿಯಿತು. 2023ರಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು ತಮ್ಮ ಫೆಡರೇಷನ್ನಿನ ಆಗಿನ ಅಧ್ಯಕ್ಷರ ಮೇಲೆ ಗಂಭೀರವಾದ ಆರೋಪಗಳನ್ನು ಹೊರಿಸಿ ದೆಹಲಿಯ ಜಂತರ್ ಮಂತರಿನಲ್ಲಿ ಧರಣಿ ಕುಳಿತರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಹೀಗೆ ಬೀದಿಗೆ ಬರುವುದು ಅಶಿಸ್ತೆಂಬ ಅರ್ಥದ ಮಾತನ್ನು ಏಪ್ರಿಲ್ ತಿಂಗಳ ಕಡೆಯಲ್ಲಿ ಉಷಾ ಅವರು ಆಡಿದರು. ಬಹಳ ಜನ ನೊಂದುಕೊಂಡರು, ನಾನೂ ನೊಂದುಕೊಂಡೆ. ಮೇ 3ರಂದು ಅವರು ತಾವೇ ಧರಣಿಯ ಜಾಗಕ್ಕೆ ಹೋಗಿ ಕುಸ್ತಿಪಟುಗಳನ್ನು ಕಂಡುಬಂದರು. ಹೋದದ್ದು ಒಳ್ಳೆಯದಾಯಿತು. ಆದರೆ ಮೊದಲ ಮಾತು ಹಾಗೇಕೆ ಬಂತು? ಅವರು ದುಷ್ಟರೆಂದಾಗಲಿ ಹಳೆಯದನ್ನು ಮರೆತರೆಂದಾಗಲಿ ನಾನು ಹೇಳಲಾರೆ. ಕುರ್ಚಿಗೆ ತನ್ನದೇ ಆದ ಒಂದು ಕಣ್ಣಿದೆ. ಅಲ್ಲಿ ಕುಳಿತವರಿಗೆ ಮೊದಲು ಕಾಣುವುದು ಸಂಸ್ಥೆಯ ಮಾನ. ಆಮೇಲೆ ಮನುಷ್ಯರ ನೋವು. ಆಟಗಾರರನ್ನು ಆಡಳಿತಕ್ಕೆ ತರುವುದು ಈ ಕ್ರಮವನ್ನು ತಿರುಗಿಸಲೆಂದೇ ಅಲ್ಲವೇ?

2024ರ ಆಗಸ್ಟಿನಲ್ಲಿ ಪ್ಯಾರಿಸ್ ಕೂಟದಲ್ಲಿ ವಿನೇಶ್ ಫೋಗಟ್ 50 ಕಿಲೋ ವರ್ಗದ ಅಂತಿಮ ಕುಸ್ತಿಯ ದಿನ ಬೆಳಿಗ್ಗೆ ತೂಕದಲ್ಲಿ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ನಲವತ್ತು ವರ್ಷಗಳ ಹಿಂದೆ ನೂರನೆಯ ಒಂದು ಭಾಗದಿಂದ ಪದಕ ಕಳೆದುಕೊಂಡವರೇ ಈಗ ತಂಡದ ಪರವಾಗಿ ಉತ್ತರ ಹೇಳಬೇಕಾದ ಸ್ಥಾನದಲ್ಲಿದ್ದರು. ಉಷಾ ಅವರು ವಿನೇಶರನ್ನು ಹೋಗಿ ಕಂಡರು, ಸಂಸ್ಥೆಯ ವತಿಯಿಂದ ಮೇಲ್ಮನವಿಗೂ ಬೆಂಬಲವಿತ್ತಿತು. ಆ ಮನವಿ ವಜಾ ಆಯಿತು. ತೂಕದ ಹೊಣೆ ಆಟಗಾರ್ತಿಯದು, ತರಬೇತುದಾರರದು, ಸಂಸ್ಥೆಯ ವೈದ್ಯರದಲ್ಲವೆಂದು ಅವರು ಹೇಳಿಕೆ ಕೊಟ್ಟರು. ನಿಯಮದ ದೃಷ್ಟಿಯಿಂದ ಅದು ಸರಿಯಾದ ಮಾತೇ ಇರಬಹುದು. ಆದರೆ ಅದು ಕುರ್ಚಿ ಆಡಿದ ಮಾತು. ಗಂಜಿಯ ಹೊಣೆ ಯಾರದೆಂದು 1984ರಲ್ಲಿ ಯಾರಾದರೂ ಹೀಗೆಯೇ ಹೇಳಿದ್ದರೆ ಪಯ್ಯೋಳಿಯ ಹುಡುಗಿಗೆ ಹೇಗೆನಿಸುತ್ತಿತ್ತು?

ಇಷ್ಟೆಲ್ಲ ಹೇಳಿದೆನೆಂದು, ಆಟಗಾರರು ಆಡಳಿತಕ್ಕೆ ಬರಬಾರದೆಂದು ಯಾರೂ ಅರ್ಥಮಾಡಬಾರದು. ನಮ್ಮ ಕನ್ನಡನಾಡಿನಲ್ಲಿಯೇ 2010ರಲ್ಲಿ ಅನಿಲ್ ಕುಂಬ್ಳೆ ಅಧ್ಯಕ್ಷರಾಗಿಯೂ ಜಾವಗಲ್ ಶ್ರೀನಾಥ್ ಕಾರ್ಯದರ್ಶಿಯಾಗಿಯೂ ರಾಜ್ಯದ ಕ್ರಿಕೆಟ್ ಸಂಸ್ಥೆಯ ಚುನಾವಣೆಗೆ ನಿಂತು ಗೆದ್ದರು. 2025ರಲ್ಲಿ ಪಾರ್ಲಿಮೆಂಟು ಒಪ್ಪಿದ ಕ್ರೀಡಾಡಳಿತದ ಕಾನೂನು ರಾಷ್ಟ್ರೀಯ ಕ್ರೀಡಾಸಂಸ್ಥೆಗಳ ಕಾರ್ಯಕಾರಿ ಸಮಿತಿಗಳಲ್ಲಿ ಆಟಗಾರರಿಗೂ ಮಹಿಳೆಯರಿಗೂ ಸ್ಥಾನ ಕಾದಿರಿಸಿದೆ. ಬಾಗಿಲು ತೆರೆಯಿತು, ಸಂತೋಷ. ಆದರೆ ಓಟಗಾರ್ತಿ ಒಬ್ಬಳೇ ಓಡುತ್ತಾಳೆ. ತನ್ನ ಪಟ್ಟಿಯೊಳಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಸಮಿತಿಯಲ್ಲಿ ಅಂಥ ಪಟ್ಟಿಗಳಿಲ್ಲ. 2024ರ ಆರಂಭದಲ್ಲಿ ಸಂಸ್ಥೆಯ ಮುಖ್ಯಾಧಿಕಾರಿಯ ನೇಮಕದ ವಿಷಯವಾಗಿ ಉಷಾ ಅವರಿಗೂ ಕಾರ್ಯಕಾರಿ ಸಮಿತಿಯ ಹಲವು ಸದಸ್ಯರಿಗೂ ಬೆಳೆದ ವಿರಸ ಪತ್ರಿಕೆಗಳಲ್ಲೆಲ್ಲ ಬಂತು. ಯಾರದು ಸರಿಯೆಂದು ನಿರ್ಣಯಿಸುವವನು ನಾನಲ್ಲ. ಹತ್ತು ಜನರನ್ನು ಒಪ್ಪಿಸಿ ಕೆಲಸ ಮಾಡುವುದೂ ಒಂದು ವಿದ್ಯೆ. ಮೈದಾನದಲ್ಲಿ ಯಾರೂ ಅದನ್ನು ಕಲಿಸುವುದಿಲ್ಲ.

ಅದನ್ನು ಕಲಿಸಬೇಕಾದದ್ದು ಎಲ್ಲಿ? ಶಾಲೆಯಲ್ಲಿ ಎಂದು ನನ್ನ ಉತ್ತರ. ಇದಕ್ಕೆ ನನ್ನದೇ ಒಂದು ತಪ್ಪು ಕಾರಣ.

ಊರಿನಲ್ಲಿ ಕಲಿಯುವಾಗ ನಾನೂ ಓಡಿದವನೇ; ಬರಿಗಾಲಿನಲ್ಲಿ, ಕಾದ ಮಣ್ಣಿನ ಮೇಲೆ. ಬಾಯಾರಿಕೆ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ಮೂರು ವರ್ಷಗಳ ಹಿಂದೆ ನಮ್ಮ ಆಟೋಟದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ನಮಗೆ ಸ್ವಂತ ಮೈದಾನವಿಲ್ಲ. ಅರ್ಧ ದಿನಕ್ಕೆ ಬಾಡಿಗೆಗೆ ತಂದ ಮೈದಾನ. ಸುಣ್ಣದ ಗೆರೆ ಹಾಕಿಸಿದೆ, ಅತಿಥಿಗಳಿಗೆ ಚಹಾ ತರಿಸಿದೆ, ಪ್ರಶಸ್ತಿಪತ್ರಗಳನ್ನು ಅಂದವಾಗಿ ಬರೆಯಿಸಿದೆ. ಅತಿಥಿಗಳು ತಡವಾಗಿ ಬಂದರು. ಭಾಷಣ ಮುಗಿದು ಹುಡುಗಿಯರ ಓಟ ಆರಂಭವಾದಾಗ ಮಧ್ಯಾಹ್ನ ಹನ್ನೆರಡೂವರೆ. ಏಳನೆಯ ತರಗತಿಯ ಒಬ್ಬ ಹುಡುಗಿ ಗುರಿ ಮುಟ್ಟಿದವಳೇ ತಲೆಸುತ್ತಿ ಕುಳಿತುಬಿಟ್ಟಳು. ನೀರು ಕೇಳಿದಳು. ಮಕ್ಕಳಿಗೆಂದು ನಾನು ನೀರನ್ನೇ ತರಿಸಿರಲಿಲ್ಲ! ಅತಿಥಿಗಳ ಮೇಜಿನ ಮೇಲಿದ್ದ ಲೋಟವನ್ನು ತಂದು ಕುಡಿಸಬೇಕಾಯಿತು. ಕುತ್ತಿಗೆಗೆ ಸೀಟಿ ಕಟ್ಟಿಕೊಂಡ ಒಂದೇ ಬೆಳಗಿನಲ್ಲಿ ನಾನು ನನ್ನ ಕಾದ ಮಣ್ಣನ್ನು ಮರೆತಿದ್ದೆ.

ಮರುವರ್ಷ ಆಟೋಟದ ಸಮಿತಿಯನ್ನು ಮಕ್ಕಳಿಂದಲೇ ಮಾಡಿಸಿದೆ. ಆ ಹುಡುಗಿಯನ್ನೂ ಸೇರಿಸಿದೆ. ಒಂದು ವಾರ ಅವರು ಜಗಳವಾಡಿದರು. ಹುಡುಗರು ಹಗ್ಗಜಗ್ಗಾಟಕ್ಕೆ ಹೆಚ್ಚು ಹೊತ್ತು ಬೇಕೆಂದರು, ಹುಡುಗಿಯರು ಒಪ್ಪಲಿಲ್ಲ. ಕಡೆಗೆ ನೋಟುಬುಕ್ಕಿನ ಹಾಳೆಯಲ್ಲಿ ಒಂದು ಪಟ್ಟಿ ಬಂತು. ಮೊದಲನೆಯ ಸಾಲು: ನೀರಿನ ಡ್ರಮ್ಮು ಎರಡು, ಗುರಿಯ ಗೆರೆಯ ಹತ್ತಿರ. ಎರಡನೆಯದು: ಓಟಗಳೆಲ್ಲ ಹತ್ತು ಗಂಟೆಯೊಳಗೆ. ಮೂರನೆಯದು: ಅತಿಥಿಗಳ ಭಾಷಣ ಓಟಗಳು ಮುಗಿದ ಮೇಲೆ.

“ಇದೊಂದನ್ನು ಮುಖ್ಯೋಪಾಧ್ಯಾಯರು ಒಪ್ಪುವುದು ಕಷ್ಟ, ಅಮ್ಮಾ,” ಎಂದೆ.

“ನೀವು ಕೇಳಬೇಡಿ ಸರ್, ನಾನೇ ಕೇಳುತ್ತೇನೆ,” ಎಂದು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು. ಹತ್ತು ನಿಮಿಷದಲ್ಲಿ ಸಹಿ ಹಾಕಿಸಿಕೊಂಡು ಬಂದಳು.