ಜಪಾನಿ ಬಲ್ಲವರೆಲ್ಲ ಅನುವಾದಕರಲ್ಲ

ಜಪಾನಿಯಿಂದ ಇಂಗ್ಲಿಷಿಗೆ ಅನುವಾದಿಸಬಲ್ಲವರನ್ನು ಅರಸುವ ಸಂಶೋಧನಾರ್ಥಿಗಳು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಅವರಿಗೆ ಜಪಾನಿ ಬರುತ್ತದೆಯೆ? ಇದು ಸಾಲದು. ಬರುವುದು ಯಾವ ಕಾಲದ ಜಪಾನಿ, ಅವರು ಬರೆಯುವ ಇಂಗ್ಲಿಷ್ ಎಂಥದು, ನಡುವೆ ಮೂರನೆಯ ಭಾಷೆಯೊಂದು ನುಸುಳಿದೆಯೆ ಎಂಬುದನ್ನೂ ವಿಚಾರಿಸಬೇಕು.

ಮೂರನೆಯ ಭಾಷೆ ಎಂದೊಡನೆ ನೆನಪಾಗುವುದು 1854ರ ಮಾರ್ಚ್ 31ರಂದು ಅಮೆರಿಕ ಮತ್ತು ಜಪಾನುಗಳ ನಡುವೆ ಆದ ಕನಗಾವಾ ಒಪ್ಪಂದ. ಎರಡು ಶತಮಾನಗಳಿಗೂ ಮಿಕ್ಕಿ ಜಪಾನು ಯುರೋಪಿಯನ್ನರ ಪೈಕಿ ಡಚ್ಚರೊಡನೆ ಮಾತ್ರ ವ್ಯಾಪಾರ ಇರಿಸಿಕೊಂಡಿತ್ತು. ಆದುದರಿಂದ ನಾಗಸಾಕಿಯ ವಂಶಪಾರಂಪರ್ಯ ದುಭಾಷಿಗಳು ಬಲ್ಲದ್ದು ಮುಖ್ಯವಾಗಿ ಡಚ್ ಭಾಷೆಯನ್ನು. ಪೆರಿಯೊಡನೆ ಮಾತುಕತೆ ನಡೆದದ್ದು ಡಚ್ ಮತ್ತು ಚೀನಿ ಭಾಷೆಗಳ ಮೂಲಕ. ಪರಿಣಾಮ ಹನ್ನೊಂದನೆಯ ವಿಧಿಯಲ್ಲಿ ಕಾಣುತ್ತದೆ. ಎರಡರಲ್ಲಿ ಯಾವುದಾದರೊಂದು ಸರ್ಕಾರ ಅಗತ್ಯವೆಂದು ಬಗೆದರೆ ಹದಿನೆಂಟು ತಿಂಗಳ ಬಳಿಕ ಅಮೆರಿಕದ ಕಾನ್ಸಲ್ ಬರಬಹುದೆಂದು ಇಂಗ್ಲಿಷ್ ಪಾಠ ಹೇಳುತ್ತದೆ. ಜಪಾನಿ ಪಾಠದಂತೆ ಎರಡೂ ಸರ್ಕಾರಗಳು ಒಪ್ಪಬೇಕು. 1856ರಲ್ಲಿ ಟೌನ್‌ಸೆಂಡ್ ಹ್ಯಾರಿಸ್ ಷಿಮೊದಾದಲ್ಲಿ ಬಂದಿಳಿದಾಗ ಅಲ್ಲಿನ ಅಧಿಕಾರಿಗಳು ಅವನನ್ನು ಬರಮಾಡಿಕೊಳ್ಳಲು ಸಿದ್ಧರಿರಲಿಲ್ಲ. ಒಂದು ಪದದ ಅಂತರ, ಎರಡು ರಾಜ್ಯಗಳ ಜಗಳ.

ಸಾಹಿತ್ಯದಲ್ಲಿ ಕಾಲದ ಪ್ರಶ್ನೆಯೇ ಹಿರಿದು. ಹನ್ನೊಂದನೆಯ ಶತಮಾನದ ಮುರಸಾಕಿ ಷಿಕಿಬುವಿನ 'ಗೆಂಜಿ' ಕಥನವನ್ನು ಇಂದಿನ ಜಪಾನೀಯರೇ ಬಹುಮಟ್ಟಿಗೆ ಆಧುನಿಕ ಜಪಾನಿ ರೂಪಾಂತರಗಳಲ್ಲಿ ಓದುತ್ತಾರೆ. ಬೀದಿಯ ಕನ್ನಡ ಬಲ್ಲವನ ಕೈಗೆ ಪಂಪನನ್ನು ಕೊಟ್ಟಂತೆಯೇ ಇದು. ಜಪಾನಿಗೆ ಒಮ್ಮೆಯೂ ಹೋಗದ ಆರ್ಥರ್ ವೇಲಿ 1925ರಿಂದ 1933ರವರೆಗೆ ಆರು ಸಂಪುಟಗಳಲ್ಲಿ ಅದನ್ನು ಇಂಗ್ಲಿಷಿಗೆ ತಂದ. ಗದ್ಯ ಮನೋಹರ, ಆದರೆ ಒಂದು ಅಧ್ಯಾಯವನ್ನೇ ಬಿಟ್ಟಿದ್ದಾನೆ. ಸೈಡನ್‌ಸ್ಟಿಕರ್ 1976ರಲ್ಲಿ ಪೂರ್ಣಪಾಠ ಕೊಟ್ಟ. ರಾಯಲ್ ಟೈಲರ್ (2001) ಮೂಲದಂತೆ ಪಾತ್ರಗಳನ್ನು ಅವರವರ ಪದವಿಗಳಿಂದಲೇ ಕರೆದ. ಓದು ನಿಧಾನವಾಗುತ್ತದೆ, ಆದರೆ ಅರಮನೆಯ ಮೇಲು-ಕೀಳುಗಳು ಕಣ್ಣಿಗೆ ಕಟ್ಟುತ್ತವೆ. ರಸಾಸ್ವಾದಕ್ಕೆ ವೇಲಿ ಸಾಕು. ಸಂಶೋಧನಾ ಪ್ರಬಂಧಕ್ಕೆ ವೇಲಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಹೊಸದಾಗಿ ಅನುವಾದಕರನ್ನು ನೇಮಿಸಿಕೊಳ್ಳುವವರು ಪ್ರಮಾಣಪತ್ರಕ್ಕೆ ಮರುಳಾಗಬಾರದು. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಅತ್ಯುನ್ನತ ಹಂತವಾದ ಎನ್1 ಕೂಡ ಓದಿ, ಕೇಳಿ ಗ್ರಹಿಸುವುದನ್ನು ಅಳೆಯುತ್ತದೆ. ಮಾತನಾಡಿಸಿ, ಬರೆಯಿಸಿ ನೋಡುವುದಿಲ್ಲ. ಇಂಗ್ಲಿಷ್ ಗದ್ಯದ ಗುಣವಂತೂ ಅದರ ವ್ಯಾಪ್ತಿಗೇ ಬಾರದು. ಸಂದರ್ಶನಕ್ಕೆ ಬೇಕಾದವನು ದುಭಾಷಿ, ಗ್ರಂಥಕ್ಕೆ ಬೇಕಾದವನು ಅನುವಾದಕ. ಹಳೆಯ ಹಸ್ತಪ್ರತಿಯಾದರೆ ಕುಜುಷಿಜಿ ಎಂಬ ಕೂಡುಬರಹವನ್ನು ಓದಬಲ್ಲವರು ಬೇರೆಯೇ ಬೇಕು. ನಿಮ್ಮ ಗ್ರಂಥದ್ದೇ ಒಂದು ಪುಟವನ್ನು ಸಂಭಾವನೆ ಕೊಟ್ಟು ಅನುವಾದ ಮಾಡಿಸಿ ನೋಡಿ. ಜಪಾನಿ ವಾಕ್ಯದಲ್ಲಿ ಕರ್ತೃಪದ ಆಗಾಗ ಲುಪ್ತವಾಗಿರುತ್ತದೆ. ಇಂಗ್ಲಿಷ್ ಅದನ್ನು ಕೇಳುತ್ತದೆ. ಎಲ್ಲೆಲ್ಲಿ ತಾನೇ ಕರ್ತೃವನ್ನು ತುಂಬಿದೆನೆಂದು ಗುರುತು ಹಾಕಿಕೊಡುವ ಅನುವಾದಕ ನಂಬಿಕೆಗೆ ಅರ್ಹ.

ಜಪಾನಿ ಕೃತಿಗಳು ಕನ್ನಡಕ್ಕೆ ಬಹುಪಾಲು ಇಂಗ್ಲಿಷಿನ ದಾರಿಯಿಂದಲೇ ಬಂದಿವೆ. ಹಾಗಿದ್ದ ಮೇಲೆ ಯಾವ ಇಂಗ್ಲಿಷ್ ಅನುವಾದವನ್ನು ಆಧರಿಸಿದೆ ಎಂಬುದು ಕನ್ನಡ ಪುಸ್ತಕದ ಮೊದಲ ಪುಟಗಳಲ್ಲೇ, ಮೂಲ ಲೇಖಕರ ಹೆಸರಿನ ಬಳಿಯಲ್ಲಿ ಅಚ್ಚಾಗಬೇಕು.