ಬೀಜದ ಭತ್ತ ಒಂದೇ ಕಣಜದಲ್ಲಿ ಇಡ್ತಾರಾ?

ಅಕ್ಕ-ತಂಗೇರೇ, ನಮ್ಮ ಹಸೆ ಹಾಡು, ಅಪ್ಪೆಮಿಡಿ ಉಪ್ಪಿನಕಾಯಿ ಅಳತೆ ಎಲ್ಲಾ ಈಗ ಮೊಬೈಲಿಗೆ ಹೋಗಿದಾವೆ. ಒಳ್ಳೇದೇ. ಆದ್ರೆ ಅವು ಕೂತಿರೋದು ಯಾವ್ದೋ ಕಂಪನಿ ಜಗಲಿ ಮೇಲೆ. ಅವ್ರು ಬಾಗ್ಲು ಹಾಕಿದ್ರೆ ಮುಗೀತು. 2014ರಲ್ಲಿ ಆರ್ಕುಟ್ ಮುಚ್ಚಿತು, 2019ರಲ್ಲಿ ಗೂಗಲ್ ಪ್ಲಸ್. 2020ರಲ್ಲಿ ಸರ್ಕಾರ ಟಿಕ್‌ಟಾಕ್ ನಿಲ್ಲಿಸ್ತು.

ಬೀಜದ ಭತ್ತನ ಊರೋರೆಲ್ಲ ಸೇರಿ ಒಂದೇ ಕಣಜದಲ್ಲಿ ಇಡಲ್ಲ. ಒಬ್ರ ಮನೇದು ಹುಳ ಹಿಡಿದ್ರೆ ಪಕ್ಕದ ಮನೇಲಿ ಸಿಗುತ್ತೆ. ಇಂಟರ್ನೆಟ್ಟೂ ಹಂಗೇ ಇರ್ಬೇಕು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ ಹಂಗಿದೆ: ಬರೆಯೋರು ನಮ್ಮಂಥ ಜನಾನೇ, ಯಾರು ಬೇಕಾದ್ರೂ ಪುಕ್ಕಟೆ ಕಾಪಿ ತಗೊಂಡು ಬೇರೆ ಕಡೆ ಇಡ್ಬಹುದು. ಮೈಸೂರು ವಿಶ್ವವಿದ್ಯಾನಿಲಯಾನೂ 2014ರಲ್ಲಿ ತನ್ನ ವಿಶ್ವಕೋಶದ ಸಂಪುಟಗಳನ್ನ ಹಿಂಗೇ ಬಿಟ್ಟುಕೊಡ್ತು.

ಶಿಕಾರಿಪುರ, ಸೊರಬದ ಸ್ತ್ರೀಶಕ್ತಿ ಸಂಘದೋರು ತಿಂಗಳಿಗೊಂದು ಮಧ್ಯಾಹ್ನ ಕೂರ್ಬೇಕು ಅಂತೀನಿ. ಅಜ್ಜೀರು ಹಾಡ್ಲಿ, ಕಾಲೇಜಿಗೆ ಹೋಗೋ ಮಕ್ಕಳು ರೆಕಾರ್ಡ್ ಮಾಡಿ ವಿಕಿಮೀಡಿಯ ಕಾಮನ್ಸಿಗೆ ಹಾಕ್ಲಿ, ಒಂದು ಕಾಪಿ ಸಂಘದ ಪೆನ್‌ಡ್ರೈವಲ್ಲೂ ಇರ್ಲಿ. ಆದ್ರೆ ಹಾಡೋರನ್ನ ಮೊದ್ಲು ಕೇಳಿ. ಅಲ್ಲಿ ಹಾಕಿದ್ದನ್ನ ಯಾರಾದ್ರೂ ಬಳಸಿ ದುಡ್ಡೂ ಮಾಡ್ಕೋಬಹುದು, ಕೊಟ್ಟ ಒಪ್ಪಿಗೆ ವಾಪಸ್ ತಗೊಳೋಕಾಗಲ್ಲ. ಬೇಡ ಅಂದ್ರೆ ಬಿಟ್ಬಿಡಿ.

ಹೂಂ ಅಂದ್ರೆ ತಡ ಮಾಡ್ಬೇಡಿ. ಹಾಡೋರು ಕಮ್ಮಿ ಆಗ್ತಾ ಇದಾರೆ.