ಡಾಕ್ಟರ್ ಸೀಟಿಗೆ ಹೊರಟ ಮಕ್ಕಳ ಗಾಡಿಗೆ ಸ್ಟೆಪ್ನಿ ಎಲ್ಲಿ?

ಶಿವಮೊಗ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಯಾವ ಡ್ರೈವರನ್ನಾದರೂ ಕೇಳಿ ನೋಡಿ. ಸ್ಟೆಪ್ನಿ ಇಲ್ಲದೆ ಆಗುಂಬೆ ಕಡೆ ಗಾಡಿ ತೆಗೀತೀರಾ ಎಂದರೆ ನಕ್ಕುಬಿಡುತ್ತಾನೆ. ಟೈರು ಹೊಸದೇ ಇರಲಿ, ರಸ್ತೆ ಚೆನ್ನಾಗಿಯೇ ಇರಲಿ, ಸ್ಟೆಪ್ನಿ ಬೇಕೇ ಬೇಕು. ಅದೇ ಬಸ್ಸಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಕೋಚಿಂಗಿಗೆ ಹೋಗುವ ಪಿಯುಸಿ ಹುಡುಗಿಯನ್ನು ಕೇಳಿ: "ಡಾಕ್ಟರ್ ಸೀಟು ಸಿಗದಿದ್ದರೆ ಏನ್ ಮಾಡ್ತೀಯಮ್ಮ?" ಉತ್ತರ ಇರುವುದಿಲ್ಲ. ಅವಳ ತಪ್ಪಲ್ಲ. ಮನೆಯಲ್ಲಿ ಆ ಮಾತು ಎತ್ತುವಂತಿಲ್ಲ. "ಅಪಶಕುನ ಆಡಬೇಡ" ಎಂದು ಅಜ್ಜಿ ಗದರುತ್ತಾಳೆ. "ಓದೋದು ಬಿಟ್ಟು ಬೇರೆ ಯೋಚನೆ ಯಾಕೆ?" ಎಂದು ಅಪ್ಪಯ್ಯ ಎದ್ದು ಹೋಗುತ್ತಾನೆ.

ಫಲಿತಾಂಶ ಬಂದ ಮೇಲೆ ಮಾತ್ರ ಇಡೀ ಮನೆ ಯೋಚನೆಗೆ ಕೂರುತ್ತದೆ. ಆ ಹೊತ್ತಿಗೆ ಅಗ್ಗದ ದಾರಿಗಳು ಅರ್ಧ ಮುಚ್ಚಿರುತ್ತವೆ. ತೆರೆದಿರುವ ದಾರಿಗಳ ಬಾಗಿಲಲ್ಲಿ ಏಜೆಂಟರು ನಿಂತಿರುತ್ತಾರೆ.

ಪಾಸಾದರೆ ಸೀಟಲ್ಲ

ಮೊದಲು ಲೆಕ್ಕ ನೋಡೋಣ. 2025ರಲ್ಲಿ ದೇಶದಾದ್ಯಂತ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಅರ್ಹರಾದವರು 12 ಲಕ್ಷ 36 ಸಾವಿರ ಚಿಲ್ಲರೆ. ದೇಶದ ಎಲ್ಲ ಎಂಬಿಬಿಎಸ್ ಸೀಟು, ಸರ್ಕಾರಿಯೂ ಖಾಸಗಿಯೂ ಸೇರಿ, ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ಅಂದರೆ ಪಾಸಾದ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಸೀಟು. ಅದರಲ್ಲಿ ಸರ್ಕಾರಿ ಸೀಟು ಅರ್ಧದಷ್ಟು.

ಆ ವರ್ಷ ಸಾಮಾನ್ಯ ವರ್ಗದವರಿಗೆ 720ಕ್ಕೆ 144 ಅಂಕ ಬಂದರೆ ಅರ್ಹತೆ. ಮೀಸಲಾತಿಯವರಿಗೆ 113. ಇಷ್ಟು ಬಂದ ಕೂಡಲೇ ಬೀದಿಯಲ್ಲಿ ಫ್ಲೆಕ್ಸ್ ಏಳುತ್ತದೆ, ನೆಂಟರ ಮನೆಗೆ ಪೇಡ ಹೋಗುತ್ತದೆ. ಆದರೆ 144 ಅಂಕಕ್ಕೆ ಸರ್ಕಾರಿ ಕಾಲೇಜಿನ ಗೇಟೂ ತೆರೆಯುವುದಿಲ್ಲ. ಆ ಅಂಕದಿಂದ ಸಿಗುವುದು ದೊಡ್ಡ ದುಡ್ಡು ಕೊಡುವವರ ಸಾಲಿನಲ್ಲಿ ನಿಲ್ಲುವ ಹಕ್ಕು, ಅಷ್ಟೆ.

ನಮ್ಮೂರಿನ ಸಿಮ್ಸ್ ಶುರುವಾದದ್ದು 2007ರಲ್ಲಿ. ಈಗ ವರ್ಷಕ್ಕೆ 150 ಸೀಟು. ಅದರಲ್ಲಿ ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಉಳಿದದ್ದಕ್ಕೆ ಇಡೀ ರಾಜ್ಯದ ಮಕ್ಕಳ ಪೈಪೋಟಿ. ಕಾಲೇಜು ನಮ್ಮ ಊರಲ್ಲಿದೆ ಎಂದ ಮಾತ್ರಕ್ಕೆ ಸೀಟು ನಮ್ಮೂರಿನದಲ್ಲ.

ಅಂಗಡಿ ಲೆಕ್ಕ

ಗಾಂಧಿ ಬಜಾರಿನಲ್ಲಿ ದಿನಸಿ ಅಂಗಡಿ ಇಟ್ಟ ಒಂದು ಮನೆ ಎಂದುಕೊಳ್ಳಿ. ಮಗಳಿಗೆ ಡಾಕ್ಟರ್ ಆಗುವ ಆಸೆ. ಸರ್ಕಾರಿ ಕಾಲೇಜಿನಲ್ಲಿ ಸಿಕ್ಕಿದರೆ ವರ್ಷದ ಶುಲ್ಕ 60-70 ಸಾವಿರ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಸಿಕ್ಕಿದರೆ ಒಂದೂವರೆ ಲಕ್ಷದ ಆಚೀಚೆ. ಇವೆರಡನ್ನೂ ಹೇಗೋ ಎಳೆಯಬಹುದು. ಅದರಾಚೆಗಿನ ಖಾಸಗಿ ಸೀಟಿಗೆ ವರ್ಷಕ್ಕೆ ಹತ್ತು-ಹನ್ನೆರಡು ಲಕ್ಷ. ನಾಲ್ಕೂವರೆ ವರ್ಷಕ್ಕೆ ಐವತ್ತು ಲಕ್ಷ. ಹಾಸ್ಟೆಲು, ಊಟ, ಪುಸ್ತಕ ಬೇರೆ. ಮ್ಯಾನೇಜ್‌ಮೆಂಟ್ ಕೋಟಾ, ಎನ್‌ಆರ್‌ಐ ಕೋಟಾ ಎಂಬವು ಅದಕ್ಕೂ ಮೇಲೆ.

ಬ್ಯಾಂಕು ಆಧಾರವಿಲ್ಲದೆ ಕೊಡುವ ಶಿಕ್ಷಣ ಸಾಲ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ. ಅದನ್ನು ದಾಟಿದರೆ ಮನೆ ಪತ್ರ ಕೇಳುತ್ತಾರೆ, ತೋಟದ ಪಹಣಿ ಕೇಳುತ್ತಾರೆ. ಎಲೆಚುಕ್ಕಿ ರೋಗ ಹತ್ತಿದ ಅಡಿಕೆ ತೋಟವನ್ನು ಅಡ ಇಟ್ಟು ಕಟ್ಟುವ ಫೀಸು ಡಾಕ್ಟರ್ ಆಗುವ ಹುಡುಗಿಯನ್ನಷ್ಟೇ ಅಲ್ಲ, ಅವಳ ತಮ್ಮನ ಓದನ್ನೂ ಅಪ್ಪನ ಮುಪ್ಪನ್ನೂ ಹಿಡಿದುಕೊಳ್ಳುತ್ತದೆ.

ಆದ್ದರಿಂದ ಸ್ಟೆಪ್ನಿಗೆ ಎರಡು ಗುಣ ಇರಬೇಕು. ಒಂದು, ಅದು ಅಗ್ಗವಾಗಿರಬೇಕು. ಎರಡು, ಡಾಕ್ಟರ್ ಸೀಟು ಮುಂದೆ ಎಂದೂ ಸಿಗದಿದ್ದರೂ ಅದೇ ಚಕ್ರದಲ್ಲಿ ಊರು ಮುಟ್ಟುವಂತಿರಬೇಕು. "ಸದ್ಯಕ್ಕೆ ಇದಕ್ಕೆ ಸೇರಿಸೋಣ, ಆಮೇಲೆ ನೋಡೋಣ" ಎಂದು ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಸುರಿದರೆ, ಮರುವರ್ಷ ನಿಜವಾಗಿ ಎಂಬಿಬಿಎಸ್ ಸೀಟು ಬಂದಾಗ ಕಟ್ಟಲು ಕೈಯಲ್ಲಿ ಕಾಸಿರುವುದಿಲ್ಲ.

ಮೂರು ಹಗ್ಗ

ಬಹಳ ಮನೆಗಳು ಎಡವುವುದು ಇಲ್ಲಿ. "ಎಂಬಿಬಿಎಸ್ ಆಗದಿದ್ದರೆ ಡೆಂಟಲ್ ಇದೆ, ಆಯುರ್ವೇದ ಇದೆ" ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಬಿಡಿಎಸ್, ಬಿಎಎಂಎಸ್, ಬಿಎಚ್‌ಎಂಎಸ್ ಎಲ್ಲಕ್ಕೂ ಅದೇ ನೀಟ್ ಅಂಕ ಬೇಕು. ಪರೀಕ್ಷೆಯ ದಿನ ಜ್ವರ ಬಂದು ಅರ್ಹತೆಯೇ ತಪ್ಪಿದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ. ಒಂದೇ ಹಗ್ಗಕ್ಕೆ ನಾಲ್ಕು ಕೊಡ ಕಟ್ಟಿ ಬಾವಿಗೆ ಬಿಟ್ಟಂತೆ. ಅರ್ಹತೆ ಬಂದವರಿಗೆ ಮಾತ್ರ ಇದು ದಾರಿ. ಆಗಲೂ ಸರ್ಕಾರಿ ಸೀಟನ್ನೇ ಮೊದಲು ನೋಡಬೇಕು. ಸರ್ಕಾರಿ ಆಯುರ್ವೇದ ಕಾಲೇಜು ಶಿವಮೊಗ್ಗದಲ್ಲೇ ಇದೆ.

ಎರಡನೇ ಹಗ್ಗ ಸಿಇಟಿ. ಪಶುವೈದ್ಯ, ಕೃಷಿ, ಫಾರ್ಮಸಿ, ನರ್ಸಿಂಗ್, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಇವಕ್ಕೆ ರಾಜ್ಯದ ಸೀಟು ಹಂಚುವುದು ಸಿಇಟಿ ಮೇಲೆ. ನೀಟ್‌ನಲ್ಲಿ ಕೈಸುಟ್ಟುಕೊಂಡವರಿಗೂ ಈ ಬಾಗಿಲು ತೆರೆದಿರುತ್ತದೆ, ಸಿಇಟಿ ಬರೆದಿದ್ದರೆ ಮಾತ್ರ. "ನೀಟ್ ಇದೆಯಲ್ಲ, ಸಿಇಟಿ ಯಾಕೆ" ಎಂದು ಅರ್ಜಿಯನ್ನೇ ಹಾಕದವರು ಆಮೇಲೆ ಪಡುವ ಪಾಡು ಬೇಡ.

ಮೂರನೇ ಹಗ್ಗ ಸಾದಾ ಬಿಎಸ್ಸಿ. ಪಿಯುಸಿ ಅಂಕಪಟ್ಟಿ ಇದ್ದರೆ ಸಾಕು.

ಇನ್ನು ಪಿಯುಸಿ ಅಂಕದ ವಿಷಯ. ನೀಟ್ ರ‍್ಯಾಂಕಿಗೆ ಪಿಯುಸಿ ಅಂಕ ಲೆಕ್ಕಕ್ಕಿಲ್ಲ. ಸಾಮಾನ್ಯ ವರ್ಗದವರಿಗೆ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಶೇಕಡಾ 50, ಮೀಸಲಾತಿಯವರಿಗೆ 40 ಇದ್ದರಾಯಿತು. ಇದನ್ನು ಕೇಳಿಸಿಕೊಂಡು ಎಷ್ಟೋ ಮಕ್ಕಳು "ಬೋರ್ಡ್ ಪರೀಕ್ಷೆ ಹೇಗಾದರೂ ಆಗಲಿ" ಎಂದು ಬಿಟ್ಟುಬಿಡುತ್ತಾರೆ. ಆದರೆ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಪಾಲು ಪಿಯುಸಿ ಅಂಕದ್ದು. ಬೋರ್ಡ್ ಪರೀಕ್ಷೆ ಕೈಬಿಟ್ಟವನು ತನ್ನ ಸ್ಟೆಪ್ನಿಗೆ ತಾನೇ ಮೊಳೆ ಹೊಡೆದುಕೊಂಡ ಹಾಗೆ.

ಕೈಗೆಟಕುವ ಕಾಲೇಜುಗಳು

ಈ ಜಿಲ್ಲೆಯ ಪುಣ್ಯ ದೊಡ್ಡದು. ಪಶುವೈದ್ಯಕೀಯ ಕಾಲೇಜು ಶಿವಮೊಗ್ಗದಲ್ಲೇ ಇದೆ. ಐದೂವರೆ ವರ್ಷದ ಓದು, ಹೊರಬಂದವರೂ ಡಾಕ್ಟರೇ. ಹಸು ಕರು ನಂಬಿದ ಜಿಲ್ಲೆಯಲ್ಲಿ, ಹಾಲು ಒಕ್ಕೂಟ ಇರುವ ಊರಲ್ಲಿ ಪಶುವೈದ್ಯರಿಗೆ ಕೆಲಸ ಇಲ್ಲ ಎಂದು ಯಾರೂ ಹೇಳಲಾರರು. ಆದರೂ "ದನದ ಡಾಕ್ಟ್ರು" ಎಂದು ಮೂಗು ಮುರಿಯುವವರಿದ್ದಾರೆ. ಮಾತು ಏನಿದ್ದರೂ ಆ ಸೀಟಿಗೂ ನೂಕುನುಗ್ಗಲೇ. ಸುಲಭಕ್ಕೆ ಸಿಗುತ್ತದೆ ಎಂದು ಯಾರೂ ತಿಳಿಯಬಾರದು.

ಕೆಳದಿ ಶಿವಪ್ಪನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಇದೇ ಜಿಲ್ಲೆಯಲ್ಲಿದೆ. ರೈತರ ಮಕ್ಕಳಿಗೆ ಅಲ್ಲಿ ಕೃಷಿಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಉಂಟು. ತೋಟ ಇದ್ದೂ ಅರ್ಜಿಯಲ್ಲಿ ಆ ಕೋಟಾ ಕೇಳದೆ ಬಿಟ್ಟರೆ ನಷ್ಟ ಯಾರಿಗೆ?

ಎರಡೂ ಸಿಗದಿದ್ದರೆ ಕುವೆಂಪು ವಿಶ್ವವಿದ್ಯಾಲಯದ ಸಹ್ಯಾದ್ರಿ ವಿಜ್ಞಾನ ಕಾಲೇಜು ಇದೆ. ತಾಲ್ಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ವಿಜ್ಞಾನ ವಿಭಾಗ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಇಲ್ಲಿನ ಶುಲ್ಕ ಕೋಚಿಂಗ್ ಸೆಂಟರಿನ ಒಂದು ಕಂತಿಗೂ ಸಮ ಬರುವುದಿಲ್ಲ. ಮನೆಯಿಂದಲೇ ಓಡಾಡಬಹುದು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಮಲೆನಾಡಿನ ಎಷ್ಟೋ ರೂಟಿನಲ್ಲಿ ಓಡುವುದು ಖಾಸಗಿ ಬಸ್ಸು, ಅದಕ್ಕೆ ಆ ಸೌಲಭ್ಯ ಇಲ್ಲ. ತೀರ್ಥಹಳ್ಳಿ, ಹೊಸನಗರ ಕಡೆಯವರು ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು.

ಬಿಎಸ್ಸಿ ಓದುತ್ತ ಮತ್ತೆ ನೀಟ್ ಬರೆಯಬಹುದು. 2022ರಿಂದ ನೀಟಿಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಒಂದು ವರ್ಷ ಪೂರ್ತಿ ಕೋಣೆಯಲ್ಲಿ ಕೂತು ಲಾಂಗ್ ಟರ್ಮ್ ಕೋಚಿಂಗ್ ಮಾಡಿ, ಅದರಲ್ಲೂ ಸೋತು, ಕೈಯಲ್ಲಿ ಒಂದು ಅಂಕಪಟ್ಟಿಯೂ ಇಲ್ಲದೆ ನಿಲ್ಲುವುದಕ್ಕಿಂತ ಇದು ಮೇಲು. ಎರಡನೇ ಸಲ ಸೀಟು ಬಂದರೆ ಸಂತೋಷ. ಬಾರದಿದ್ದರೆ ಎಂಎಸ್ಸಿ ಇದೆ, ಬಿಎಡ್ ಇದೆ, ಸರ್ಕಾರಿ ನೇಮಕಾತಿ ಪರೀಕ್ಷೆಗಳಿವೆ. ಒಂದೆರಡು ಅಂಕದಲ್ಲಿ ಸೀಟು ತಪ್ಪಿದವರು ಕೋಚಿಂಗಿಗೆ ಕೂತರೆ ಅರ್ಥವಿದೆ. ಮೂರಂಕಿಗೆ ಏದುಸಿರು ಬಿಟ್ಟವರನ್ನು ಮೂರನೇ ವರ್ಷವೂ ಕೂರಿಸುವುದು ಹಠ.

ಆಪ್ಷನ್ ಎಂಟ್ರಿಯ ಗುಂಡಿ

ಸೀಟು ಹಂಚುವ ಕೆಇಎಗೆ ಮನೆಯ ಕಷ್ಟ ಗೊತ್ತಿಲ್ಲ. ಗೊತ್ತಿರುವುದು ರ‍್ಯಾಂಕು ಮತ್ತು ನೀವು ಕೊಟ್ಟ ಕ್ರಮಸಂಖ್ಯೆ. ಸೈಬರ್ ಅಂಗಡಿಯಲ್ಲಿ ಗಡಿಬಿಡಿಯಲ್ಲಿ ಕೂತು, "ಇರಲಿ ಹಾಕಿಬಿಡು" ಎಂದು ಹತ್ತು ಲಕ್ಷದ ಖಾಸಗಿ ಸೀಟನ್ನು ಸರ್ಕಾರಿ ಪಶುವೈದ್ಯ ಸೀಟಿಗಿಂತ ಮೇಲೆ ಹಾಕಿದರೆ, ಮೇಲಿನದು ಬಂದ ದಿನ ಕೆಳಗಿನದು ಹೋಯಿತು ಎಂದೇ ತಿಳಿಯಿರಿ.

ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸ್ ಕೇಳುತ್ತಾರೆ. ಒಂದನೆಯದು, ಒಪ್ಪಿ ಸೇರುವುದು. ಎರಡನೆಯದು, ಈ ಸೀಟು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರನೆಯದು, ಈ ಸೀಟು ಬಿಟ್ಟು ಮುಂದಿನ ಸುತ್ತಿಗೆ ನಿಲ್ಲುವುದು. ನಾಲ್ಕನೆಯದು, ಆಟವೇ ಬೇಡ ಎಂದು ಹೊರಬರುವುದು. ಎರಡನೆಯದನ್ನು ಒತ್ತಿದವರಿಗೆ ಮೇಲಿನ ಸೀಟು ಬಂದರೆ ಕೈಯಲ್ಲಿದ್ದದ್ದು ತಾನಾಗಿ ರದ್ದು. ಆದ್ದರಿಂದ ಸೂತ್ರ ಒಂದೇ: ಕಟ್ಟಲಾಗದ ಸೀಟನ್ನು ಪಟ್ಟಿಯಲ್ಲಿ ಬರೆಯಲೇಬೇಡಿ. ಅಪ್ಪ, ಅಮ್ಮ, ಮಗಳು ಮೂವರೂ ಒಂದು ಸಂಜೆ ಕಾಗದದ ಮೇಲೆ ಪಟ್ಟಿ ಬರೆದು ಎದುರಿಗೆ ಶುಲ್ಕ ಗುರುತಿಸಿ ಆಮೇಲೆ ಕಂಪ್ಯೂಟರ್ ಮುಂದೆ ಕೂರಬೇಕು.

ಕಾಗದಪತ್ರಗಳ ಮಾತೂ ಇಲ್ಲೇ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಕೋಟಾ ಇದೆ. ಜಾತಿ-ಆದಾಯ ಪತ್ರ ಬೇರೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಇದ್ದ ಹಕ್ಕೂ ಇಲ್ಲ. ನಾಡಕಚೇರಿಯ ಕ್ಯೂನಲ್ಲಿ ಮೇ ತಿಂಗಳಲ್ಲಿ ಬೆವರುವ ಬದಲು ಡಿಸೆಂಬರಿನಲ್ಲೇ ಹೋಗಿ ಬರುವುದು ಜಾಣತನ.

ವಿಮಾನ ಹತ್ತಿಸುವವರು

ಫಲಿತಾಂಶದ ವಾರ ಫೋನ್ ಬರುತ್ತದೆ. "ಸರ್, ಫಾರಿನ್‌ನಲ್ಲಿ ಎಂಬಿಬಿಎಸ್, ಇಲ್ಲಿನ ಅರ್ಧ ದುಡ್ಡಿಗೆ." ಅರ್ಧ ದುಡ್ಡು ಎಂಬುದು ಪೂರ್ತಿ ಸುಳ್ಳಲ್ಲ. ಆದರೆ ಅಲ್ಲಿ ಓದಿ ಬಂದವರು ಇಲ್ಲಿ ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು. 2024ರ ಜೂನ್ ಅವಧಿಯ ಪರೀಕ್ಷೆಯಲ್ಲಿ ಪಾಸಾದವರು ಐವರಲ್ಲಿ ಒಬ್ಬರಷ್ಟೆ. 2021ರ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಇಂಟರ್ನ್‌ಶಿಪ್ಪೂ ಅದೇ ಸಂಸ್ಥೆಯಲ್ಲಿ ಆಗಬೇಕು. ಏಜೆಂಟರು ಈ ಷರತ್ತುಗಳನ್ನು ತಾವಾಗಿ ಓದಿ ಹೇಳುತ್ತಾರೆ ಎಂದು ಕಾಯಬೇಡಿ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವನು. ಪಿಯುಸಿಯಲ್ಲಿ ಶೇಕಡಾ 97 ತೆಗೆದ ಹುಡುಗ. ಅಷ್ಟು ಅಂಕ ಇದ್ದರೂ ಇಲ್ಲಿ ಕೈಗೆಟಕುವ ಸೀಟು ಸಿಗಲಿಲ್ಲ ಎಂದು ಅವನ ತಂದೆ ಅಂದು ಹೇಳಿದ್ದನ್ನು ಇಡೀ ದೇಶ ಕೇಳಿತು. ಕೇಳಿ ಮರೆಯಿತು.

ಇನ್ನೊಂದು ಬಲೆ ಊರಲ್ಲೇ ಇದೆ. ಕೆಲವು ಖಾಸಗಿ ಕಾಲೇಜುಗಳು ಸೇರುವಾಗ ಮೂಲ ಅಂಕಪಟ್ಟಿ ಇಸಿದುಕೊಂಡು, ಬಿಡುತ್ತೇನೆಂದರೆ ಪೂರ್ತಿ ಕೋರ್ಸಿನ ಫೀಸು ಕೇಳುತ್ತವೆ. ಮೂಲ ಪತ್ರ ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ಸ್ಟೆಪ್ನಿ ಕಾಲೇಜಿಗೆ ಸೇರುವಾಗ "ಮಧ್ಯೆ ಬಿಟ್ಟರೆ ಏನು ಕಟ್ಟಬೇಕು?" ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಕೊಡಲು ತಡವರಿಸಿದರೆ ಉತ್ತರ ಸಿಕ್ಕಿತು ಎಂದೇ ಅರ್ಥ.

ಸಂಜೆಯ ಮಾತು

2024ರ ಜುಲೈನಲ್ಲಿ ನೀಟ್ ಬೇಡ ಎಂದು ರಾಜ್ಯದ ವಿಧಾನಸಭೆ ನಿರ್ಣಯ ಮಾಡಿತು. ಅದರ ಸರಿ-ತಪ್ಪು ದೊಡ್ಡವರು ವಾದಿಸಲಿ. ಮಕ್ಕಳು ಮಾತ್ರ 2025ರಲ್ಲೂ ಪೆನ್ನು ಹಿಡಿದು ಅದೇ ನೀಟ್ ಬರೆದರು. ರ‍್ಯಾಂಕ್ ಬಂದ ಇಬ್ಬರ ಫೋಟೋವನ್ನು ಸರ್ಕಲ್ಲಿನಲ್ಲಿ ನೇತುಹಾಕುವ ಪಿಯು ಕಾಲೇಜುಗಳು ಉಳಿದ ಇನ್ನೂರು ಮಕ್ಕಳು ಎಲ್ಲಿ ಸೇರಿದರು ಎಂಬ ಪಟ್ಟಿಯನ್ನೂ ಹಾಕಲಿ. ಅಡ್ಮಿಷನ್ನಿಗೆ ಹೋದ ತಂದೆ-ತಾಯಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಸ್ಟೆಪ್ನಿ ಇಟ್ಟುಕೊಂಡ ಡ್ರೈವರಿಗೆ ಗಾಡಿಯ ಮೇಲೆ ನಂಬಿಕೆ ಇಲ್ಲ ಎಂದು ಯಾರಾದರೂ ಅಂತಾರಾ? ಪಂಕ್ಚರ್ ಆದರೂ ಇಳಿದು ಚಕ್ರ ಬದಲಿಸಿ ಹೊರಡಬಹುದು ಎಂಬ ಧೈರ್ಯದಿಂದಲೇ ಆತ ಘಾಟಿ ಇಳಿಯುತ್ತಾನೆ. ಪರೀಕ್ಷೆಗೆ ಕೂರುವ ಹುಡುಗಿಗೂ ಅದೇ ಧೈರ್ಯ ಬೇಕು. ಅಂಗಡಿ ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಇವತ್ತೇ ಒಂದು ಮಾತು ಹೇಳಿ: "ಆದರೆ ಒಳ್ಳೇದು ಮಗಾ. ಆಗದಿದ್ದರೆ ಇದಿದೆ, ಲೆಕ್ಕ ಹಾಕಿಟ್ಟಿದೀನಿ. ನೀನು ಹೆದರದೆ ಬರಿ." ಇದಕ್ಕೆ ಫೀಸಿಲ್ಲ.